ನಡೆಯಲೂ ಅದೇ, ಕ್ಯಾಮೆರಾ ನಿಲ್ಲಿಸಲೂ ಅದೇ: ಚಾರಣದ ಕೋಲು ಆರಿಸುವಾಗ

ಕೋಲಿನ ಹಿಡಿಯ ನೆತ್ತಿಯಲ್ಲಿ ಒಂದು ಗುಂಡು. ಅದನ್ನು ತಿರುಗಿಸಿ ಬಿಚ್ಚಿದರೆ ಕೆಳಗೊಂದು ಸ್ಕ್ರೂ. ಅದರ ಮೇಲೆ ಕ್ಯಾಮೆರಾ ಕೂರಿಸಿದರೆ ಊರುಗೋಲೇ ಮೊನೊಪಾಡ್, ಅಂದರೆ ಕ್ಯಾಮೆರಾ ನಿಲ್ಲಿಸುವ ಒಂಟಿ ಕಾಲು, ಆಗುತ್ತದೆ. ಜಾಹೀರಾತಿನ ಚಿತ್ರದಲ್ಲಿ ಇದು ಬಹಳ ಸಲೀಸು. ಕೈಗೆತ್ತಿಕೊಂಡಾಗ ಮಾತ್ರ, ಒಂದಕ್ಕೊಂದು ಒಗ್ಗದ ಎರಡು ಬೇಡಿಕೆಗಳನ್ನು ಒಂದೇ ಕೊಳವೆಯೊಳಗೆ ತುರುಕಿದ್ದಾರೆ ಎಂಬುದು ಗೊತ್ತಾಗುತ್ತದೆ. ನಡೆಯುವವರಿಗೆ ಹಗುರವಾದ ಕೋಲು ಬೇಕು. ದಿನವಿಡೀ ಎತ್ತಿ ಊರಿದರೂ ತೋಳು ಸೋಲಬಾರದು, ಕಲ್ಲಿಗೆ ಬಡಿದಾಗ ಒಂದಿಷ್ಟು ಬಳುಕಿದರೂ ಅಡ್ಡಿಯಿಲ್ಲ. ಕ್ಯಾಮೆರಾಕ್ಕೆ ಆ ಬಳುಕೇ ಶತ್ರು. ಅದಕ್ಕೆ ದಪ್ಪ ಕೊಳವೆ ಬೇಕು, ಕಣ್ಣಿನ ಮಟ್ಟದ ಎತ್ತರ ಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೋಲನ್ನು ಕೋಲೆಂದೇ ಆರಿಸಿ. ಲಾಕ್ ಗಟ್ಟಿಯಿದೆಯೇ, ಉದ್ದ ಸಾಕೇ, ಹಿಡಿ ಅಂಗೈಗೆ ಒಗ್ಗುತ್ತದೆಯೇ ಎಂದು ನೋಡಿದ ಮೇಲೆ ಸ್ಕ್ರೂವಿನ ಮಾತು. ಕುಮಾರ ಪರ್ವತದ 1,712 ಮೀಟರ್ ಎತ್ತರದಿಂದ ಕುಕ್ಕೆಗೆ ಇಳಿಯುವವರು ಒಂದೇ ದಾರಿಯಲ್ಲಿ ಸುಮಾರು 1,600 ಮೀಟರ್ ಇಳಿಯುತ್ತಾರೆ. ಮೇಲಿನ ಹುಲ್ಲುಗಾವಲಿನಲ್ಲಿ ಬಿಸಿಲು, ದಾರಿಯ ನಡುವಿನ ಭಟ್ಟರ ಮನೆ ದಾಟಿದ ಮೇಲೆ ಕಾಡಿನೊಳಗೆ ಬೇರು ಬಂಡೆಗಳ ಮೆಟ್ಟಿಲು. ಅಲ್ಲಿ ಮಂಡಿಯ ಭಾರವನ್ನೆಲ್ಲ ಕೋಲಿನ ಮೇಲೆ ಹಾಕುವ ಹೊತ್ತಿನಲ್ಲಿ ಲಾಕ್ ಜಾರಿ ಕೋಲು ಒಂದು ಗೇಣು ಒಳಗೆ ಹೋದರೆ, ನೆತ್ತಿಯ ಮೇಲಿನ ಸ್ಕ್ರೂ ಯಾರ ರಕ್ಷಣೆಗೂ ಬರುವುದಿಲ್ಲ.

ಎದುರಿಗಿರುವ ಆಯ್ಕೆಗಳು

ಮೊದಲನೆಯದು, ಸ್ಕ್ರೂ ಒಳಗೇ ಇರುವ ಕೋಲು. ಅಮೆರಿಕದ ಕ್ಯಾಸ್ಕೇಡ್ ಡಿಸೈನ್ಸ್ ಕಂಪನಿ ಟ್ರ್ಯಾಕ್ಸ್ ಎಂಬ ಹೆಸರಿನಲ್ಲಿ ಮಾಡುತ್ತಿದ್ದ ಕೋಲುಗಳಲ್ಲಿ ಮರದ ಗುಂಡಿನ ಅಡಿಯಲ್ಲಿ ಈ ಸ್ಕ್ರೂ ಇರುತ್ತಿತ್ತು. ಟ್ರೈಪಾಡ್‌ಗಳಿಗೆ ಹೆಸರಾದ ಇಟಲಿಯ ಮ್ಯಾನ್‌ಫ್ರೊಟ್ಟೊ ಕೂಡ ಆಫ್ ರೋಡ್ ಎಂಬ ಹೆಸರಿನಲ್ಲಿ ಇಂಥದೊಂದು ಜೋಡಿಯನ್ನು ತಂದಿತ್ತು. ಈಗ ಆನ್‌ಲೈನ್ ಅಂಗಡಿಗಳಲ್ಲಿ ಊರು ಹೆಸರಿಲ್ಲದ ಹತ್ತಾರು ಬಗೆಗಳು ಸಿಗುತ್ತವೆ. ಎರಡನೆಯದು, ಒಳ್ಳೆಯ ಸಾಮಾನ್ಯ ಚಾರಣದ ಕೋಲು ಕೊಂಡು, ಅದಕ್ಕೆ ಹೊರಗಿನಿಂದ ಒಂದು ಕ್ಲಾಂಪ್ ಕಚ್ಚಿಸಿಕೊಳ್ಳುವುದು. ಮೂರನೆಯದು ಇದರ ತಿರುವುಮುರುವು: ನಿಜವಾದ ಮೊನೊಪಾಡ್ ಕೊಂಡು ಅದನ್ನೇ ಊರಿಕೊಂಡು ನಡೆಯುವುದು. ನಾಲ್ಕನೆಯದನ್ನು ಯಾರೂ ಜಾಹೀರಾತು ಮಾಡುವುದಿಲ್ಲ. ಕೋಲಿಗೆ ಏನನ್ನೂ ಜೋಡಿಸದೆ, ಅದರ ಮೇಲೆ ಕೈಯೂರಿ, ಕೈಯ ಮೇಲೆ ಕ್ಯಾಮೆರಾ ಇಡುವುದು. ಇದಕ್ಕೆ ಬಿದಿರಿನ ಕೋಲೂ ಸಾಕು. ಕೊಯಮತ್ತೂರಿನ ಬಳಿ ವೆಳ್ಳಿಯಂಗಿರಿ ಬೆಟ್ಟದ ಬುಡದಲ್ಲಿ, ಕೇದಾರದ ದಾರಿಯ ಗೌರಿಕುಂಡದಲ್ಲಿ ಯಾತ್ರಿಕರು ಕೊಳ್ಳುವ ಕೋಲುಗಳು ಈ ಕೆಲಸವನ್ನು ಧಾರಾಳವಾಗಿ ಮಾಡುತ್ತವೆ.

ಮೂರನೆಯ ಆಯ್ಕೆಯನ್ನು ಬೇಗ ಮುಗಿಸುತ್ತೇನೆ. ಮೊನೊಪಾಡ್ ನೇರವಾಗಿ ಕೆಳಕ್ಕೆ ಬೀಳುವ ಭಾರಕ್ಕೆಂದು ಮಾಡಿದ್ದು. ಇಳುಕಲಿನಲ್ಲಿ ನಾವು ಕೋಲನ್ನು ಓರೆಯಾಗಿ ಊರುತ್ತೇವೆ, ಪಕ್ಕಕ್ಕೆ ಒತ್ತುತ್ತೇವೆ, ಕಲ್ಲುಗಳ ಸಂದಿಯಿಂದ ಕಿತ್ತೆಳೆಯುತ್ತೇವೆ. ಅದರ ಹಿಡಿ ಬೆವರುವ ಅಂಗೈಗೆ ಹೊಂದುವಂಥದಲ್ಲ, ಮಣಿಕಟ್ಟಿನ ಪಟ್ಟಿ ಹೆಸರಿಗೆ ಮಾತ್ರ, ಕೆಸರಿನಲ್ಲಿ ಹೂತುಹೋಗದಂತೆ ತಡೆಯುವ ಬುಟ್ಟಿಯಿಲ್ಲ. ತೂಕವೂ ಹೆಚ್ಚು. ಸಫಾರಿ ಜೀಪಿನಲ್ಲಿ ಕುಳಿತು ಕಬಿನಿಯಲ್ಲಿ ಚಿರತೆ ಕಾಯುವವರಿಗೆ ಅದು ಸರಿ. ಮುಳ್ಳಯ್ಯನಗಿರಿ ಹತ್ತುವವರಿಗೆ ಬೇಡ.

ಉದ್ದದ ಲೆಕ್ಕ

ಹೆಚ್ಚಿನವರು ನೋಡದೆ ಬಿಡುವುದು ಇದನ್ನೇ. ಸಮತಟ್ಟಿನಲ್ಲಿ ನಿಂತು ಕೋಲು ಹಿಡಿದಾಗ ಮೊಣಕೈ ಲಂಬಕೋನದಲ್ಲಿರಬೇಕು. ಅಂದಾಜಿಗೆ ಎತ್ತರದ ಮೂರನೇ ಎರಡು ಭಾಗಕ್ಕಿಂತ ತುಸು ಹೆಚ್ಚು ಎಂದುಕೊಳ್ಳಿ. 170 ಸೆಂಟಿಮೀಟರ್ ಎತ್ತರದವರಿಗೆ ಸುಮಾರು 115. ಹತ್ತುವಾಗ ಐದರಿಂದ ಹತ್ತು ಸೆಂಟಿಮೀಟರ್ ಕಡಿಮೆ, ಇಳಿಯುವಾಗ ಅಷ್ಟೇ ಹೆಚ್ಚು. ಹಾಗಾಗಿ 130ರಿಂದ 135 ಸೆಂಟಿಮೀಟರ್‌ವರೆಗೆ ಬೆಳೆಯುವ ಕೋಲು ನಡೆಯಲು ಬೇಕಾದಷ್ಟಾಯಿತು.

ಕ್ಯಾಮೆರಾಕ್ಕೆ ಸಾಲದು. ಅದೇ 170 ಸೆಂಟಿಮೀಟರ್ ಎತ್ತರದವರ ಕಣ್ಣು ನೆಲದಿಂದ ಸುಮಾರು 158 ಸೆಂಟಿಮೀಟರ್ ಮೇಲಿರುತ್ತದೆ. ಕ್ಯಾಮೆರಾದ ತಳದಿಂದ ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರ್‌ವರೆಗೆ ಆರೇಳು ಸೆಂಟಿಮೀಟರ್ ಕಳೆಯಿರಿ, ನಡುವೆ ಕ್ಯಾಮೆರಾವನ್ನು ಬೇಕಾದತ್ತ ಬಾಗಿಸುವ ಸಣ್ಣ ಬಾಲ್ ಹೆಡ್ ಹಾಕಿದರೆ ಇನ್ನೊಂದು ಆರೇಳು ಕಳೆಯಿರಿ. ಆದರೂ ಕೋಲು 145ರ ಹತ್ತಿರ ಇರಬೇಕಾಗುತ್ತದೆ. 135ರ ಕೋಲಿನ ಮೇಲೆ ವ್ಯೂಫೈಂಡರ್‌ಗೆ ಕಣ್ಣಿಟ್ಟು ಫೋಟೊ ತೆಗೆಯುವವರು ಸೊಂಟ ಬಗ್ಗಿಸಿಯೇ ತೆಗೆಯಬೇಕು. ಇಳಿಜಾರಿನಲ್ಲಿ ಮೊನೆ ನಮಗಿಂತ ಕೆಳಗಿನ ನೆಲದ ಮೇಲಿದ್ದರೆ ಇನ್ನೂ ಕಷ್ಟ. ಆಗ ಮೇಲ್ಬದಿಯ ಕಲ್ಲೊಂದರ ಮೇಲೆ ಊರಿಕೊಳ್ಳಬೇಕು.

ಮಡಚುವ ಪರದೆಯ ಮಿರರ್‌ಲೆಸ್ ಕ್ಯಾಮೆರಾ ಅಥವಾ ಮೊಬೈಲ್ ಬಳಸುವವರಿಗೆ ಈ ತಲೆನೋವಿಲ್ಲ. ಎದೆಯ ಮಟ್ಟದಲ್ಲಿಟ್ಟು ಪರದೆ ನೋಡಿ ತೆಗೆಯಬಹುದು, 125 ಸೆಂಟಿಮೀಟರ್ ಕೋಲೂ ಸಾಕು. ಹಳೆಯ ಡಿಎಸ್‌ಎಲ್‌ಆರ್ ಇಟ್ಟುಕೊಂಡಿದ್ದು ನೀವು ಎತ್ತರದ ಆಳಾಗಿದ್ದರೆ, 145 ಸೆಂಟಿಮೀಟರ್‌ವರೆಗೆ ಬೆಳೆಯುವ ಕೋಲುಗಳನ್ನೇ ಹುಡುಕಿ. ಕೋಲಿನ ಮೇಲೆ ಅಚ್ಚೊತ್ತಿದ ‘ಸ್ಟಾಪ್’ ಗುರುತು ದಾಟಿ ಎಳೆದು ಎತ್ತರ ಗಿಟ್ಟಿಸುವ ಆಸೆ ಬೇಡ. ಆ ಗುರುತಿನಾಚೆ ಒಳಕೊಳವೆ ಹೊರಕೊಳವೆಯೊಳಗೆ ಇರುವುದೇ ನಾಲ್ಕು ಬೆರಳು. ಕೋಲು ಮುರಿಯುವುದು ಅಲ್ಲಿಯೇ.

ಎತ್ತರದ ಜೊತೆಗೆ ದಪ್ಪದ ಮಾತೂ ಬರುತ್ತದೆ. ಮೂರು ತುಂಡಿನ ಸಾಮಾನ್ಯ ಕೋಲಿನಲ್ಲಿ ಮೇಲಿನ ಕೊಳವೆ 18 ಮಿಲಿಮೀಟರ್, ನಡುವಿನದು 16, ಕೆಳಗಿನದು 14 ಇರುವುದು ವಾಡಿಕೆ. ಕೊಳವೆಯ ಗೋಡೆ ಒಂದೇ ದಪ್ಪದ್ದಾದರೆ, 18ರದ್ದು 14ರದ್ದಕ್ಕಿಂತ ಎರಡುಪಟ್ಟು ಬಿಗಿ. ಆದ್ದರಿಂದ ಕ್ಯಾಮೆರಾ ಕೂರಿಸುವಾಗ ನಡುವಿನ ತುಂಡನ್ನು ಪೂರ್ತಿ ಎಳೆದು, ಕೆಳಗಿನ ತೆಳು ತುಂಡನ್ನು ಎಷ್ಟು ಬೇಕೋ ಅಷ್ಟೇ ಹೊರಗೆ ಬಿಡಬೇಕು. ನಾಲ್ಕೈದು ತುಂಡಿನ, ಚೀಲದೊಳಗೆ ಅಡಗುವ ಕೋಲುಗಳು ನೋಡಲು ಚೆಂದ. ಕೆಳತುದಿ ಬೆರಳಿಗಿಂತ ತೆಳ್ಳಗಿದ್ದು ಕ್ಯಾಮೆರಾ ಹೊತ್ತಾಗ ತಲೆ ಆಡಿಸುತ್ತ ನಿಲ್ಲುತ್ತವೆ.

ಲಾಕ್: ಇಲ್ಲಿ ಜಿಪುಣತನ ಬೇಡ

ತಿರುಚುವ ಲಾಕ್, ಸನ್ನೆ ಲಾಕ್, ಗುಂಡಿ ಲಾಕ್ ಎಂದು ಮೂರು ಬಗೆ. ತಿರುಚುವುದರಲ್ಲಿ ಕೊಳವೆಯೊಳಗೆ ಒಂದು ಪ್ಲಾಸ್ಟಿಕ್ ಬೆಣೆ ಇರುತ್ತದೆ. ಕೋಲು ತಿರುಚಿದಂತೆ ಅದು ಹಿಗ್ಗಿ ಒಳಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಒಣಗಿದ್ದಾಗ ಇದು ನಂಬಿಗಸ್ತ. ಮಲೆನಾಡಿನ ಜುಲೈ ತಿಂಗಳಲ್ಲಿ ಕೊಳವೆಯೊಳಗೆ ನೀರು, ನಯವಾದ ಕೆಮ್ಮಣ್ಣು ಸೇರಿಕೊಂಡ ಮೇಲೆ ಬೆಣೆಗೆ ಕಚ್ಚಲು ಹಿಡಿತ ಸಿಗುವುದಿಲ್ಲ. ಎಷ್ಟು ತಿರುಚಿದರೂ ಸುಮ್ಮನೆ ಸುತ್ತುತ್ತದೆ. ಒದ್ದೆ ಕೈಯಲ್ಲಿ, ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತು ಹಾಕುತ್ತ, ಇದರೊಂದಿಗೆ ಗುದ್ದಾಡುವುದು ಯಾರಿಗೂ ಬೇಡ.

ಸನ್ನೆ ಲಾಕ್ ಹೊರಗಡೆಯಿಂದ ಕೊಳವೆಯನ್ನು ಬಿಗಿಯುತ್ತದೆ. ಸೈಕಲ್ ಸೀಟಿನ ಎತ್ತರ ಬದಲಿಸುವ ಸನ್ನೆಯ ಚಿಕ್ಕ ತಮ್ಮ ಎನ್ನಬಹುದು. ಬ್ಲ್ಯಾಕ್ ಡೈಮಂಡ್ ಕಂಪನಿ ಇದನ್ನು ಫ್ಲಿಕ್‌ಲಾಕ್ ಎಂದು ಕರೆಯುತ್ತದೆ. ಈಗ ಬಹುಪಾಲು ಎಲ್ಲ ಕಂಪನಿಗಳೂ ತಮ್ಮದೇ ಹೆಸರಿನಲ್ಲಿ ಕೊಡುತ್ತವೆ. ಮುಚ್ಚಿದೆಯೋ ತೆರೆದಿದೆಯೋ ಕಣ್ಣಿಗೇ ಕಾಣುತ್ತದೆ, ಕೈಗವಸಿನಲ್ಲೂ ಹಾಕಬಹುದು, ಸಡಿಲವಾದರೆ ಪಕ್ಕದ ಸಣ್ಣ ಸ್ಕ್ರೂ ಕಾಲುಸುತ್ತು ಬಿಗಿದರೆ ಮುಗಿಯಿತು. ಆ ಸ್ಕ್ರೂ ಬೆರಳಿನಲ್ಲೇ ತಿರುಗುವಂತಿದ್ದರೆ ಇನ್ನೂ ಒಳ್ಳೆಯದು. ಸನ್ನೆ ಪ್ಲಾಸ್ಟಿಕ್ಕಿನದೋ ಲೋಹದ್ದೋ ಎಂದು ನೋಡಿ, ಲೋಹದ್ದನ್ನೇ ಆರಿಸಿ.

ಗುಂಡಿ ಒತ್ತಿ ಮೂರಾಗಿ ಮಡಚುವ ಕೋಲುಗಳು ಓಟಗಾರರಿಗೆ ಪ್ರಿಯ. ಮಡಚಿದಾಗ 35–40 ಸೆಂಟಿಮೀಟರ್ ಮಾತ್ರ. ಆದರೆ ಅವುಗಳಲ್ಲಿ ಹಲವಕ್ಕೆ ಉದ್ದ ಬದಲಿಸುವ ವ್ಯವಸ್ಥೆಯೇ ಇಲ್ಲ. ಇರುವವು ಒಂದಿಪ್ಪತ್ತು ಸೆಂಟಿಮೀಟರ್ ಅಷ್ಟೇ ಹಿಗ್ಗುತ್ತವೆ. ಕೀಲುಗಳಲ್ಲಿ ಒಂಚೂರು ಅಲುಗಾಟವಿದ್ದರೂ ಅದು ಮೇಲೆ ಕ್ಯಾಮೆರಾದಲ್ಲಿ ಹಿಗ್ಗಿ ಕಾಣುತ್ತದೆ. ನಮ್ಮ ಉದ್ದೇಶಕ್ಕೆ ಅವು ಬೇಡ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಒಂದೇ. ಕೋಲನ್ನು ನಿಮ್ಮ ಇಳಿಜಾರಿನ ಉದ್ದಕ್ಕೆ ಎಳೆದು ಲಾಕ್ ಹಾಕಿ, ಮೊನೆಗೆ ರಬ್ಬರ್ ಬುಷ್ ತೊಡಿಸಿ ನೆಲಕ್ಕೂರಿ. ಎರಡೂ ಅಂಗೈಗಳನ್ನು ಹಿಡಿಯ ನೆತ್ತಿಯ ಮೇಲಿಟ್ಟು, ಕಾಲ್ಬೆರಳ ಮೇಲೆ ನಿಂತು ಮೈಭಾರ ಹಾಕಿ. ಒಂದು ಮಿಲಿಮೀಟರ್ ಜಾರಿದರೂ ಲಾಕ್ ಬಿಗಿದು ಮತ್ತೊಮ್ಮೆ ನೋಡಿ. ಆಮೇಲೂ ಜಾರಿದರೆ ಅಲ್ಲಿಯೇ ಬಿಟ್ಟು ಬನ್ನಿ. ಡೆಕಾಥ್ಲಾನ್‌ನಂಥ ದೊಡ್ಡ ಅಂಗಡಿಯಲ್ಲಿ ಇದಕ್ಕೆ ಯಾರೂ ಬೇಸರಪಡುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಮನೆಯ ಅಂಗಳದಲ್ಲಿ ಇದನ್ನು ಮಾಡಿಬಿಡಿ.

ಸ್ಪ್ರಿಂಗ್ ಎಂಬ ಆಕರ್ಷಣೆ

ಸಾವಿರ ರೂಪಾಯಿಯೊಳಗಿನ ಕೋಲುಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಆಂಟಿಶಾಕ್’ ಎಂದಿರುತ್ತದೆ. ಕೊಳವೆಯೊಳಗೆ ಸ್ಪ್ರಿಂಗ್ ಇದ್ದು ಊರಿದಾಗಲೆಲ್ಲ ಕೋಲು ಕುಸಿದು ಏಳುತ್ತದೆ. ಮಣಿಕಟ್ಟಿಗೆ ಹಿತ ಎನ್ನುವವರಿದ್ದಾರೆ. ಕ್ಯಾಮೆರಾ ಮೇಲಿಟ್ಟು ಶಟರ್ ಒತ್ತಿದ ಕೂಡಲೇ ಆ ಸ್ಪ್ರಿಂಗ್ ಕೂಡ ಒತ್ತಿಕೊಳ್ಳುತ್ತದೆ. ಚಿತ್ರ ಮಸುಕಾಗಲು ಅಷ್ಟು ಸಾಕು. ಸ್ಪ್ರಿಂಗ್ ಇಲ್ಲದ್ದನ್ನೇ ಕೊಳ್ಳಿ. ಇರುವುದನ್ನೇ ಕೊಳ್ಳಬೇಕಾಗಿ ಬಂದರೆ ಅದನ್ನು ಬಂದ್ ಮಾಡುವ ವ್ಯವಸ್ಥೆ ಇದೆಯೇ, ಬಂದ್ ಮಾಡಿದ ಮೇಲೆ ನಿಜಕ್ಕೂ ಅಲುಗಾಡದೆ ನಿಲ್ಲುತ್ತದೆಯೇ ಎಂದು ಒತ್ತಿ ನೋಡಿ.

ಅಲ್ಯೂಮಿನಿಯಂ ಅಥವಾ ಕಾರ್ಬನ್ ಎಂಬ ಪ್ರಶ್ನೆಗೆ, ಘಟ್ಟದ ಕಾಡಿನಲ್ಲಿ ನಡೆಯುವವರಿಗೆ ನನ್ನ ಉತ್ತರ ಅಲ್ಯೂಮಿನಿಯಂ, ಅದರಲ್ಲೂ 7075 ದರ್ಜೆಯ ಗಟ್ಟಿ ಮಿಶ್ರಲೋಹದ್ದು. ಕಾರ್ಬನ್ ಕೋಲು ಐವತ್ತು ನೂರು ಗ್ರಾಂ ಹಗುರ, ನಡುಕವನ್ನೂ ಬೇಗ ಹೀರಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಇದು ಲಾಭವೇ. ಆದರೆ ಎರಡು ಬಂಡೆಗಳ ನಡುವೆ ಸಿಕ್ಕಿ ಪಕ್ಕಕ್ಕೆ ಒತ್ತಿದರೆ ಮುನ್ಸೂಚನೆಯಿಲ್ಲದೆ ಚಟ್ಟನೆ ಮುರಿಯುತ್ತದೆ. ಅಲ್ಯೂಮಿನಿಯಂ ಬಾಗುತ್ತದೆ, ಬಾಗಿದರೂ ಆ ದಿನದ ಇಳಿತ ಮುಗಿಸಿಕೊಡುತ್ತದೆ. ಹಿಮಾಲಯದ ಸವೆದ ಯಾತ್ರಾದಾರಿಯಲ್ಲಿ ದಿನಗಟ್ಟಲೆ ನಡೆಯುವವರಾದರೆ ಕಾರ್ಬನ್ ಬಗ್ಗೆ ಯೋಚಿಸಬಹುದು.

ನೆತ್ತಿಯ ಮೇಲಿನ ಸ್ಕ್ರೂ

ಕ್ಯಾಮೆರಾಗಳ ತಳದ ತೂತು ಜಗತ್ತಿನಾದ್ಯಂತ ಒಂದೇ ಅಳತೆಯದು: ಕಾಲು ಇಂಚು ವ್ಯಾಸ, ಇಂಚಿಗೆ 20 ಎಳೆ. ದೊಡ್ಡ ಟ್ರೈಪಾಡ್ ತಲೆಗಳಿಗೆ ಎಂಟನೇ ಮೂರು ಇಂಚಿನದು. ಕೋಲುಗಳಲ್ಲಿ ಸಿಗುವುದು ಕಾಲು ಇಂಚಿನದೇ. ಹಾಗಾಗಿ ಅಳತೆಯ ಬಗ್ಗೆ ಚಿಂತೆಯಿಲ್ಲ. ಅದು ಯಾವುದರೊಳಗೆ ಕೂತಿದೆ ಎಂಬುದು ಮುಖ್ಯ. ಗುಂಡು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಸ್ಕ್ರೂವಿನ ಬುಡ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಟ್ಟೆಯಲ್ಲಿ ಕೂತು, ಆ ತಟ್ಟೆ ಕೊಳವೆಗೆ ನೇರವಾಗಿ ಸೇರಿದ್ದರೆ ಒಳ್ಳೆಯದು. ಸ್ಕ್ರೂವನ್ನು ಹಿಡಿಯ ಪ್ಲಾಸ್ಟಿಕ್ಕಿನಲ್ಲೇ ಹೂತಿದ್ದರೆ, ಬೆರಳಿನಿಂದ ಹಿಡಿದು ಅಲುಗಾಡಿಸಿದಾಗಲೇ ಅದರ ಹಣೆಬರಹ ತಿಳಿಯುತ್ತದೆ. ಹೊರಗೆ ಚಾಚಿದ ಭಾಗ ಐದು ಮಿಲಿಮೀಟರಿನ ಆಸುಪಾಸಿರಬೇಕು. ಅದಕ್ಕಿಂತ ಬಹಳ ಉದ್ದವಿದ್ದು ಬಲವಾಗಿ ತಿರುಗಿಸಿದರೆ ಕ್ಯಾಮೆರಾದ ತಳಕ್ಕೇ ಪೆಟ್ಟು.

ಕ್ಯಾಮೆರಾವನ್ನು ನೇರ ಸ್ಕ್ರೂವಿನ ಮೇಲೆ ಕೂರಿಸಿದರೆ ಅದನ್ನು ಮೇಲೆ ಕೆಳಗೆ ಬಾಗಿಸಲಾಗುವುದಿಲ್ಲ, ಲಂಬ ಚೌಕಟ್ಟಿನ ಚಿತ್ರ ತೆಗೆಯಲಾಗುವುದಿಲ್ಲ. ಕೋಲನ್ನೇ ಓರೆ ಮಾಡಬೇಕು. ಹಾಗಾಗಿ ನೂರು ಗ್ರಾಂ ಆಸುಪಾಸಿನ ಪುಟ್ಟ ಬಾಲ್ ಹೆಡ್ ಒಂದು ಜೊತೆಗೆ ಬೇಕು. ಆದರೆ ಬಾಲ್ ಹೆಡ್ ಹಾಕಿಕೊಂಡೇ ನಡೆಯುತ್ತೇನೆ ಎಂದರೆ ಇಳಿಯುವಾಗ ಅಂಗೈ ಇಡುವ ಜಾಗವೇ ಇಲ್ಲ. ಕಡಿದಾದ ಇಳುಕಲಿನಲ್ಲಿ ನಾವು ಹಿಡಿಯನ್ನು ಹಿಡಿಯುವುದಕ್ಕಿಂತ ಅದರ ನೆತ್ತಿಯ ಮೇಲೆ ಅಂಗೈ ಒತ್ತುವುದೇ ಹೆಚ್ಚು. ಬಾಲ್ ಹೆಡ್ ಜೇಬಿನಲ್ಲಿರಬೇಕು, ಗುಂಡು ಕೋಲಿನ ಮೇಲಿರಬೇಕು, ಫೋಟೊ ಬೇಕಾದಾಗ ಅದಲು ಬದಲು. ಬಿಚ್ಚಿದ ಗುಂಡು ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಮಣಿಕಟ್ಟಿನ ಪಟ್ಟಿಗೆ ದಾರ ಹಾಕಿ ಕಟ್ಟಿಡಿ.

ಈ ಅದಲು ಬದಲಿಗೆ ಅರ್ಧ ನಿಮಿಷವಾದರೂ ಬೇಕು. ಕೊಂಬೆಯ ಮೇಲಿನ ಕೆಂದಳಿಲು ಅಷ್ಟು ಹೊತ್ತು ಕಾಯುವುದಿಲ್ಲ. ಸ್ಕ್ರೂ ಇರುವ ಕೋಲು ಕೆಲಸಕ್ಕೆ ಬರುವುದು ಓಡಿಹೋಗದ ವಸ್ತುಗಳಿಗೆ: ಘಟ್ಟದ ಮೇಲಿನ ಶೋಲಾ ಕಾಡಿನ ನಡುವಿನ ಝರಿ, ಕಾಂಡಕ್ಕಂಟಿದ ಅಣಬೆ, ಎಲೆಯ ಮೇಲೆ ನಿಶ್ಚಲವಾಗಿ ಕೂತ ಗುಳಿಮಂಡಲ ಹಾವು. ಹಾವಿಗಾದರೆ ದೂರ ಕಾಯ್ದುಕೊಂಡು.

ಎಷ್ಟು ಲಾಭ ಎಂಬುದಕ್ಕೆ ಒಂದು ಲೆಕ್ಕ. ಮಳೆಗಾಲದ ಶೋಲಾದೊಳಗೆ ಮಧ್ಯಾಹ್ನವೂ ಮಬ್ಬು. ಐಎಸ್‌ಒ 1600, ಅಪರ್ಚರ್ 4 ಇಟ್ಟು ಮಬ್ಬು ಬೆಳಕಿಗೆ ಕ್ಯಾಮೆರಾವನ್ನು ಹೊಂದಿಸಿದರೂ ಶಟರ್ ವೇಗ 1/30 ಸೆಕೆಂಡಿಗೆ ಇಳಿಯುತ್ತದೆ. 50 ಮಿಲಿಮೀಟರ್ ಲೆನ್ಸನ್ನು ಬರಿಗೈಯಲ್ಲಿ ಹಿಡಿದವರಿಗೆ ‘ಲೆನ್ಸ್ ಎಷ್ಟು ಮಿಲಿಮೀಟರೋ ಸೆಕೆಂಡಿನ ಅಷ್ಟನೇ ಒಂದು ಭಾಗ’ ಎಂಬ ಹಳೆಯ ನಿಯಮದ ಪ್ರಕಾರ 1/50 ಬೇಕು. ಒಂಟಿ ಕಾಲಿನ ಆಸರೆ ಎರಡು ಸ್ಟಾಪ್‌ನಷ್ಟು (ಅಂದರೆ ನಾಲ್ಕು ಪಟ್ಟು ನಿಧಾನ ಶಟರಿನ) ಅನುಕೂಲ ಕೊಟ್ಟರೆ 1/13ರವರೆಗೂ ಧೈರ್ಯ ಮಾಡಬಹುದು. ಕ್ಯಾಮೆರಾದೊಳಗೇ ಕಂಪನ ನಿವಾರಣೆ ಇದ್ದರೆ ಇನ್ನೂ ಕೆಳಗೆ. ನೀರನ್ನು ರೇಷ್ಮೆಯಂತೆ ತೋರಿಸುವ ಒಂದೆರಡು ಸೆಕೆಂಡಿನ ಚಿತ್ರ, ಆಕಾಶಗಂಗೆಯ ಚಿತ್ರ ಇದರಿಂದ ಆಗುವುದಿಲ್ಲ. ಅದಕ್ಕೆ ಮೂರು ಕಾಲು ಬೇಕೇ ಬೇಕು. ಮೂರು ಚಾರಣದ ಕೋಲುಗಳನ್ನು ಜೋಡಿಸಿ ಟ್ರೈಪಾಡ್ ಮಾಡುವ ಸಾಧನವೂ ಇದೆ. ಅದು ಬೇಕಾದಾಗ ಜೊತೆಯವರ ಕೋಲನ್ನು ಕೇಳಬೇಕು, ಅವರು ಅಷ್ಟೊತ್ತಿಗೆ ಒಂದು ಮೈಲಿ ಮುಂದಿರುತ್ತಾರೆ.

ನಿಲ್ಲುವ ಕ್ರಮವೂ ಮುಖ್ಯ. ಮೊನೆಯನ್ನು ಒಂದಡಿ ಮುಂದೆ ಊರಿ, ಕಾಲುಗಳನ್ನು ಅಗಲಿಸಿ, ಕೋಲನ್ನು ತನ್ನತ್ತ ವಾಲಿಸಿಕೊಂಡು ಕೆಳಕ್ಕೆ ಒತ್ತಬೇಕು. ಆಗ ಎರಡು ಕಾಲು, ಒಂದು ಕೋಲು ಸೇರಿ ಮೂರಾಗುತ್ತದೆ. ಮೊಬೈಲಿನಲ್ಲಾದರೆ ಎರಡು ಸೆಕೆಂಡಿನ ಟೈಮರ್ ಹಾಕಿ. ಪರದೆ ಮುಟ್ಟಿದ ಅಲುಗಾಟ ಅಷ್ಟರಲ್ಲಿ ಅಡಗಿರುತ್ತದೆ. ಕೆಸರಿನಲ್ಲಿ ಎಷ್ಟೇ ಆಳಕ್ಕೆ ಚುಚ್ಚಿದರೂ ಕ್ಯಾಮೆರಾ ಹೊತ್ತ ಕೋಲಿನಿಂದ ಕೈ ಬಿಡಬೇಡಿ.

ಹಾಗಾದರೆ ಯಾರಿಗೆ ಯಾವುದು?

ಮೊಬೈಲ್ ಅಥವಾ ಪುಟ್ಟ ಆ್ಯಕ್ಷನ್ ಕ್ಯಾಮೆರಾ ಮಾತ್ರ ಇದ್ದರೆ ಸ್ಕ್ರೂ ಇರುವ ಕೋಲನ್ನೇ ಹುಡುಕುತ್ತ ಅಲೆಯಬೇಡಿ. ಒಳ್ಳೆಯ ಸನ್ನೆ ಲಾಕಿನ ಸಾಮಾನ್ಯ ಜೋಡಿ ಕೊಂಡು, ಹಿಡಿಯ ಕೆಳಗಿನ ದಪ್ಪ ಕೊಳವೆಗೆ ಕಚ್ಚುವ ಕ್ಲಾಂಪ್ ಒಂದನ್ನು ಸೇರಿಸಿಕೊಳ್ಳಿ. ಕ್ಲಾಂಪಿನ ಹಲ್ಲಿಗೆ ರಬ್ಬರ್ ಇರಲಿ, ಇಲ್ಲದಿದ್ದರೆ ಕೊಳವೆ ಗೀರುತ್ತದೆ, ಗೀರಿದ ಕೊಳವೆ ಮುಂದೆ ಸರಾಗವಾಗಿ ಒಳಸರಿಯುವುದಿಲ್ಲ. ಕ್ಯಾಮೆರಾ ಕೊಳವೆಯ ಪಕ್ಕಕ್ಕೆ ಜೋತಾಡುವುದರಿಂದ ಅರ್ಧ ಕೆ.ಜಿ. ಮೀರಿದ ಭಾರಕ್ಕೆ ಇದು ಸಲ್ಲದು.

ಕ್ಯಾಮೆರಾದೊಂದಿಗೇ ಬರುವ ಕಿಟ್ ಲೆನ್ಸ್ ಹಾಕಿದ ಮಿರರ್‌ಲೆಸ್, ಒಟ್ಟು ಒಂದು ಕೆ.ಜಿ. ಒಳಗೆ, ಆಸಕ್ತಿ ಹೂವು ಝರಿ ದೃಶ್ಯಗಳಲ್ಲಿ: ಸ್ಕ್ರೂ ಇರುವ ಕೋಲು ಹೇಳಿಮಾಡಿಸಿದ್ದು ಇವರಿಗೇ. ಮೂರು ತುಂಡು, ಸನ್ನೆ ಲಾಕ್, ಅಲ್ಯೂಮಿನಿಯಂ, ಸ್ಪ್ರಿಂಗ್ ಇಲ್ಲದ್ದು. ಹಿಡಿ ಕಾರ್ಕಿನದಾದರೆ ಬೆವರಿನಲ್ಲಿ ಜಾರುವುದಿಲ್ಲ. ರಬ್ಬರ್ ಹಿಡಿ ಕರಾವಳಿಯ ಸೆಕೆಯಲ್ಲಿ ಅಂಗೈಗೆ ಬೊಬ್ಬೆ ತರಿಸುತ್ತದೆ. ಇಂಥ ಕೋಲು ಒಂಟಿಯಾಗಿ ಸಿಗುವುದೇ ಹೆಚ್ಚು. ಮಂಡಿ ನೋವಿರುವವರಿಗೆ ಒಂಟಿ ಕೋಲು ಸಾಲದು, ಇನ್ನೊಂದು ಕೈಗೆ ಅದೇ ತೂಕದ ಸಾದಾ ಕೋಲನ್ನು ಜೊತೆಮಾಡಿಕೊಳ್ಳಬೇಕು.

ಹಕ್ಕಿಯ ಹಿಂದೆ ಹೋಗುವವರ 150–600 ಮಿಲಿಮೀಟರಿನಂಥ ಲೆನ್ಸ್ ಒಂದೇ ಎರಡು ಕೆ.ಜಿ. ತೂಗುತ್ತದೆ. ಕೋಲಿನ ಡಬ್ಬದ ಮೇಲೆ ಎಷ್ಟು ಕೆ.ಜಿ. ಹೊರುತ್ತದೆ ಎಂದು ಬರೆದಿದ್ದರೂ ನಾನು ಆ ಲೆನ್ಸನ್ನು ಅದರ ಮೇಲೆ ಇಡುವುದಿಲ್ಲ. ಇವರು ನಡೆಯಲು ಕೋಲು, ಚಿತ್ರಕ್ಕೆ ಬೇರೆಯೇ ಮೊನೊಪಾಡ್ ಇಟ್ಟುಕೊಳ್ಳುವುದು ಸರಿ. ತುರ್ತಿಗೆ ಒಂದು ಉಪಾಯವಿದೆ: ಎರಡು ಕೋಲುಗಳನ್ನು ಅಡ್ಡಡ್ಡ ಹಿಡಿದು, ಪಟ್ಟಿಗಳನ್ನು ಒಂದಕ್ಕೊಂದು ತೊಡಿಸಿ, ಸೇರುವ ಕವಲಿನಲ್ಲಿ ಲೆನ್ಸ್ ಇಟ್ಟು, ನೆಲದಲ್ಲಿ ಕುಳಿತು ತೆಗೆಯುವುದು. ಬಿಚ್ಚುವ ಜೋಡಿಸುವ ಗೋಜಿಲ್ಲ, ಹಕ್ಕಿ ಹಾರಿದರೆ ಲೆನ್ಸ್ ಕೂಡ ಅದರ ಹಿಂದೆ ಎದ್ದೇಳಬಹುದು. ನಿಂತೇ ತೆಗೆಯುವುದಾದರೆ ಎಡಗೈ ಮುಷ್ಟಿಯನ್ನು ಹಿಡಿಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರಿ. ವರ್ಷಕ್ಕೆ ಒಂದೆರಡು ಸಲ ಮಾತ್ರ ಬೆಟ್ಟ ಹತ್ತುವವರಿಗೆ ಈ ಮುಷ್ಟಿಯ ಉಪಾಯವೇ ಸಾಕು, ಬೇರೇನನ್ನೂ ಕೊಳ್ಳಬೇಕಿಲ್ಲ.

ಕೊಂಡ ಮೇಲೆ ಎರಡು ವಿಷಯ. ಮೊನೆ ಟಂಗ್‌ಸ್ಟನ್ ಕಾರ್ಬೈಡಿನದು, ಕಲ್ಲನ್ನು ಗೀರುತ್ತದೆ; ಹಂಪಿಯ ಮಾತಂಗ ಪರ್ವತದ ಮೆಟ್ಟಿಲುಗಳಲ್ಲಿ, ಯಾವುದೇ ಹಳೆಯ ಗುಡಿಯ ಸುತ್ತ ರಬ್ಬರ್ ಬುಷ್ ಹಾಕಿಕೊಳ್ಳಿ. ಒಣ ಬಂಡೆಯ ಮೇಲೆ ಕ್ಯಾಮೆರಾ ನಿಲ್ಲಿಸಲೂ ಅದೇ ಒಳ್ಳೆಯದು, ಪಾಚಿಗಟ್ಟಿದ ಕಲ್ಲಿನಲ್ಲಿ ಮಾತ್ರ ತೆಗೆದುಬಿಡಿ. ಮಳೆಯಲ್ಲಿ ನೆನೆದ ಕೋಲನ್ನು ಮಡಚಿದಂತೆಯೇ ಮೂಲೆಗಿಟ್ಟರೆ ಒಳಗೆ ಬಿಳಿ ಪುಡಿಯಂಥ ತುಕ್ಕು ಕೂತು ಮುಂದಿನ ಚಾರಣಕ್ಕೆ ತುಂಡುಗಳು ಬಿಡಿಸಲು ಬರುವುದಿಲ್ಲ. ಮೂರೂ ತುಂಡು ಬೇರೆ ಮಾಡಿ, ಒರೆಸಿ, ನೆರಳಿನಲ್ಲಿ ಒಣಗಿಸಿ. ಎಣ್ಣೆ ಹಾಕಬೇಡಿ, ಲಾಕ್ ಜಾರುತ್ತದೆ. ವಿಮಾನದಲ್ಲಿ ಹೋಗುವುದಾದರೆ ಕೋಲು ಚೆಕ್-ಇನ್ ಚೀಲಕ್ಕೆ, ಬಾಲ್ ಹೆಡ್ ಕ್ಯಾಮೆರಾದೊಂದಿಗೆ ಕೈಚೀಲಕ್ಕೆ. ಸನ್ನೆಗಳನ್ನು ಮುಚ್ಚಿ, ಮೊನೆಗೆ ಬುಷ್ ತೊಡಿಸಿ, ಬಟ್ಟೆಗಳ ನಡುವೆ ಸುತ್ತಿಡಿ.